ಮುಫ್ಲಿಸ್ ಆಡುವುದು ಹೇಗೆ

ನನ್ನ ಮುಖ ಇಸ್ಪೀಟಿಗೆ ಹೇಳಿ ಮಾಡಿಸಿದ್ದಲ್ಲ. ಒಳ್ಳೆಯ ಎಲೆ ಬಂದರೆ ಹುಬ್ಬು ಮೇಲೇರುತ್ತದೆ, ಕೆಟ್ಟದ್ದು ಬಂದರೆ ತುಟಿ ಕೆಳಗಿಳಿಯುತ್ತದೆ. "ನಿನ್ನ ಎಲಿ ನೋಡ್ಲಾಕ ಹಿಂದ ಬಂದು ನಿಂದ್ರೋದು ಬ್ಯಾಡ, ಮುಂದ ಕುಂತ್ರ ಸಾಕು" ಎಂದು ನಮ್ಮ ಮನೆಯವರು ಹೇಳುತ್ತಾರೆ. ಕಚೇರಿಯಲ್ಲಿಯೂ ಇದೇ ಕಥೆ. ಕೌಂಟರಿನ ಆಚೆ ನಿಂತವರು ನನ್ನ ಮುಖ ನೋಡಿಯೇ ತಮ್ಮ ಫೈಲು ಇವತ್ತು ಮೇಲೆ ಹೋಗುವುದಿಲ್ಲ ಎಂದು ತಿಳಿದು, ನಾನು ಬಾಯಿ ತೆರೆಯುವ ಮೊದಲೇ "ನಾಳಿಗಿ ಬರ್ತೀನಿ ಮೇಡಮ್" ಎಂದು ಹೊರಟುಬಿಡುತ್ತಾರೆ.

ಇಷ್ಟಾದರೂ ಇಸ್ಪೀಟಿನ ಮೇಲಿನ ನನ್ನ ಪ್ರೀತಿ ಕಡಿಮೆಯಾಗಿಲ್ಲ. ಅದರಲ್ಲಿಯೂ ಮೂರೆಲೆ ಆಟ, ಅಂದರೆ ತೀನ್ ಪತ್ತಿ. ಸಿನಿಮಾದಲ್ಲಿ ಕೋಟು ಹಾಕಿಕೊಂಡವರು ಹಸಿರು ಮೇಜಿನ ಸುತ್ತ ಗಂಭೀರವಾಗಿ ಆಡುವ ಪೋಕರಿಗೆ ಇದು ನಮ್ಮ ಕಡೆಯ ತಂಗಿ. ಕೋಟು ಬೇಡ, ಮೇಜು ಬೇಡ, ಗಾಂಭೀರ್ಯವಂತೂ ಬೇಡವೇ ಬೇಡ. ಒಂದು ಜಮಖಾನೆ, ಒಂದು ಕಟ್ಟು ಎಲೆ, ಮುಂದೆ ಒಂದೊಂದು ಹಿಡಿ ಹುರಿದ ಶೇಂಗಾ ಇದ್ದರೆ ಸಾಕು. ನಮ್ಮಲ್ಲಿ ಹಣ ಕಟ್ಟುವ ಪದ್ಧತಿಯಿಲ್ಲ, ಶೇಂಗಾ ಕಟ್ಟುತ್ತೇವೆ. ಇದರಲ್ಲಿ ಒಂದೇ ತೊಂದರೆ. ಯೋಚಿಸುತ್ತ ಕೂತಾಗ ಕೈ ತಾನಾಗಿ ಬಂಡವಾಳವನ್ನು ಸುಲಿದು ಬಾಯಿಗೆ ಹಾಕಿಕೊಳ್ಳುತ್ತದೆ. ನಾನು ಸೋತದ್ದಕ್ಕಿಂತ ತಿಂದದ್ದೇ ಹೆಚ್ಚು.

ಆಟ ಸರಳ. ಎಲ್ಲರೂ ನಡುವೆ ಒಂದೊಂದು ಶೇಂಗಾ ಇಡಬೇಕು. ಪ್ರತಿಯೊಬ್ಬರಿಗೂ ಮೂರು ಎಲೆ, ಬೋರಲಾಗಿ. ಎಲೆ ನೋಡಿ ಆಡಬಹುದು, ನೋಡದೆಯೂ ಆಡಬಹುದು. ನೋಡದೆ ಆಡುವುದಕ್ಕೆ ಬ್ಲೈಂಡ್ ಎನ್ನುತ್ತಾರೆ. ಬ್ಲೈಂಡ್ ಆಡುವವರು ಒಂದು ಶೇಂಗಾ ಇಟ್ಟರೆ ನೋಡಿದವರು ಎರಡು ಇಡಬೇಕು. ಅಂದರೆ ಈ ಆಟದಲ್ಲಿ ಅಜ್ಞಾನಕ್ಕೆ ಅರ್ಧ ದರ. ಧೈರ್ಯ ಸಾಲದವರು ಎಲೆ ಎಸೆದು "ಪ್ಯಾಕ್" ಎಂದು ಹಿಂದೆ ಸರಿಯುತ್ತಾರೆ. ಕೊನೆಗೆ ಇಬ್ಬರು ಉಳಿದಾಗ ಒಬ್ಬರು "ಶೋ" ಎಂದರೆ ಎಲೆ ಬಿಚ್ಚಿ ತೋರಿಸಬೇಕು. ಮೂರೂ ಒಂದೇ ಅಂಕಿಯವಾದರೆ ಅದಕ್ಕಿಂತ ದೊಡ್ಡದಿಲ್ಲ. ಆಮೇಲೆ ಸಾಲಾಗಿ ಬಂದವು, ಒಂದೇ ಬಣ್ಣದವು, ಜೋಡಿ. ಇದಾವುದೂ ಇಲ್ಲದಿದ್ದರೆ ಯಾರ ಬಳಿ ದೊಡ್ಡ ಎಲೆ ಇದೆಯೋ ಅವರು ಗೆದ್ದಂತೆ. ನಾನು ಯಾವಾಗಲೂ ಈ "ಇದಾವುದೂ ಇಲ್ಲ" ಎಂಬ ಪಂಗಡದವಳು.

ನನ್ನ ಕಷ್ಟಕ್ಕೆ ಮದ್ದು ಹೇಳಿಕೊಟ್ಟವರು ಕಲಬುರಗಿಯ ಗಾಜಿಪುರದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿರುವ ಮನೆಯ ರಬಿಯಾ ಖಾಲಾ. ಮಕ್ಕಳಿಗೆ ಕುರ್ತಾ ಹೊಲಿಯುತ್ತ, ಸೊಸೆಯರಿಗೆ ಬುದ್ಧಿ ಹೇಳುತ್ತ, ನಡುವೆ ಬಿಡುವು ಸಿಕ್ಕರೆ ನನ್ನನ್ನು ಇಸ್ಪೀಟಿಗೆ ಕರೆಯುವ ಹೆಂಗಸು. ಒಂದು ಮಧ್ಯಾಹ್ನ ನಾನು ಸಾಲಾಗಿ ಸೋಲುವುದನ್ನು ನೋಡಲಾರದೆ ಎಲೆ ಕೂಡಿಸಿ, "ಅರೇ ಬೇಟಿ, ನಿನಗ ಈ ಆಟ ನಕ್ಕೋ, ಬ್ಯಾಡ. ನೀ ಮುಫ್ಲಿಸ್ ಆಡು" ಎಂದರು.

ಮುಫ್ಲಿಸ್ ಎಂದರೆ ಕೈಯಲ್ಲಿ ಕಾಸಿಲ್ಲದವ, ದಿವಾಳಿಯೆದ್ದವ. ಹಾಜರಿ, ಫಿರ್ಯಾದಿ, ವಕೀಲ ಎಂದು ಉರ್ದು ಮಾತುಗಳಲ್ಲೇ ಕಚೇರಿ ನಡೆಸುವ ನಮ್ಮ ಊರಿಗೆ ಆ ಪದ ಹೊಸದಲ್ಲ. ಆಟವಾಗಿ ಮಾತ್ರ ನನಗೆ ಹೊಸದು. ನಿಯಮವೆಲ್ಲ ಮೂರೆಲೆಯದೇ, ಆದರೆ ತಲೆಕೆಳಗು. ಎಲ್ಲರಿಗಿಂತ ಕೆಟ್ಟ ಎಲೆ ಇದ್ದವರು ಗೆಲ್ಲುತ್ತಾರೆ. ಮೂರು ಎಕ್ಕಾ ಹಿಡಿದವನು ತಲೆಯ ಮೇಲೆ ಕೈ ಹೊತ್ತು ಕೂರಬೇಕು. ಬೇರೆ ಬೇರೆ ಬಣ್ಣದ ಎರಡು, ಮೂರು, ಐದು ಬಂದವನು ಚಕ್ರವರ್ತಿ. ಆ ಮಧ್ಯಾಹ್ನ ನಾನು ಗೆದ್ದ ಶೇಂಗಾ ಸೆರಗಿನಲ್ಲಿ ಹಿಡಿಸಲಿಲ್ಲ. ಮೂರೆಲೆಯನ್ನು ಕಂಡುಹಿಡಿದವನು ಭಾಗ್ಯವಂತನಿರಬಹುದು. ಮುಫ್ಲಿಸನ್ನು ಕಂಡುಹಿಡಿದವನು ಮಾತ್ರ ಖಂಡಿತ ನನ್ನಂಥವನೇ.

ಹೊಸ ವಿದ್ಯೆ ಕಲಿತವರಿಗೆ ಅದನ್ನು ಬೇರೆಯವರಿಗೆ ಕಲಿಸುವ ತನಕ ಸಮಾಧಾನವಿರುವುದಿಲ್ಲ. ಅದೇ ವಾರ ನಾಗರ ಪಂಚಮಿ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ಅಪ್ಪ ಅವ್ವ ಹೋದ ಮೇಲೆ ನನ್ನ ತವರೆಂದರೆ ಕಮಲಾಪುರದ ಗುರಮ್ಮತ್ತಿಯ ಮನೆ. ಗುರಮ್ಮತ್ತಿ ನನ್ನ ಅಪ್ಪನ ತಂಗಿ. ಮಗ ಬಸಣ್ಣ, ಸೊಸೆ ಸವಿತಾ, ಮನೆಯ ಹಿಂದೆ ಕೆಂಪು ಬಾಳೆಯ ತೋಟ, ಆಚೆ ತೊಗರಿ ಹೊಲ. ಹೊಲ ಬಸಣ್ಣನದು, ಮಾತು ಅತ್ತಿಯದು. ತೊಗರಿ ರಾಶಿಯಾದ ಮೇಲೆ ಚೀಲಗಳ ಜೊತೆ ಬಸಣ್ಣ ಟೆಂಪೊದಲ್ಲಿ ಬಂದರೆ, ಅತ್ತಿ ಬಸ್ಸು ಹತ್ತಿ ಒಬ್ಬಳೇ ಕಲಬುರಗಿಯ ಕಾಳಿನ ಪೇಟೆಯಾದ ನೆಹರು ಗಂಜಿಗೆ ಬಂದು, ದಲ್ಲಾಳಿಯ ಅಡತಿ ಅಂಗಡಿಯ ಮುಂದೆ ಸೆರಗು ಹೊದ್ದು ನಿಲ್ಲುತ್ತಿದ್ದಳು. ಕಾಳನ್ನು ಅಂಗೈಯಲ್ಲಿ ತಿಕ್ಕಿ, ದರ ಅವಳೇ ಮಾತಾಡಬೇಕು. ತೂಕದಲ್ಲಿ ಒಮ್ಮೆ ತನಗೇ ಹೆಚ್ಚು ಬಂದಿದೆ ಎನಿಸಿದಾಗ, "ಇದು ತಪ್ಪದ, ಇನ್ನೊಮ್ಮಿ ತೂಗ್ರಿ" ಎಂದು ಚೀಲ ಇಳಿಸಿ ಹತ್ತಿಸಿದವಳು. ಹಮಾಲರು ಗೊಣಗಿದರು, ಅಡತಿಯವರು ಅಂದಿನಿಂದ ಅವಳಿಗೆ ಕುರ್ಚಿ ಹಾಕತೊಡಗಿದರು.

ಆ ಮನೆಯಲ್ಲಿ ಇಸ್ಪೀಟಿನ ಹುಲಿ ಅವಳೇ. ಕೆಲವು ವರ್ಷಗಳಿಂದ ಅವಳು ಎಲೆ ಎತ್ತಿ ನೋಡಿದ್ದನ್ನೇ ಯಾರೂ ಕಂಡಿರಲಿಲ್ಲ. ಸದಾ ಬ್ಲೈಂಡ್. ಮೂರೆಲೆಯನ್ನು ಮೊಣಕಾಲ ಕೆಳಗೆ ಒತ್ತಿಟ್ಟು, ಒಂದಾದ ಮೇಲೆ ಒಂದು ಶೇಂಗಾ ನಡುವೆ ತಳ್ಳುತ್ತ, ನಮ್ಮೆಲ್ಲರ ಕಡೆ ಕಣ್ಣು ಕಿರಿದು ಮಾಡಿ ನೋಡುವಳು. ಆ ನೋಟಕ್ಕೆ ಹೆದರಿಯೇ ಬಸಣ್ಣ ಕೈಯಲ್ಲಿದ್ದ ಜೋಡಿಯನ್ನು ಎಸೆದುಬಿಡುತ್ತಿದ್ದ. "ಎಂಥಾ ಗುಂಡಿಗಿರೀ ಇದು!" ಎಂದು ಸವಿತಾ ನನ್ನ ಹತ್ತಿರ ಬೆರಗಾಗುತ್ತಿದ್ದಳು. ನಾನೂ ಹಾಗೇ ತಿಳಿದಿದ್ದೆ.

ಪಂಚಮಿಯ ಮರುದಿನ ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಜಮಖಾನೆ ಹಾಸಿದೆವು. ನಾನು ಗುರುವಿನ ಗತ್ತಿನಲ್ಲಿ ಮುಫ್ಲಿಸಿನ ನಿಯಮ ಹೇಳಿ, "ಇವತ್ತು ಯಾರೂ ಬ್ಲೈಂಡ್ ಆಡಂಗಿಲ್ಲ. ಹೊಸಾ ಆಟ, ಎಲ್ಲಾರೂ ನೋಡೇ ಆಡಬೇಕು" ಎಂದೆ. ಅತ್ತಿ ಒಮ್ಮೆ ಮೊಣಕಾಲು ಸವರಿಕೊಂಡಳು. ಆಮೇಲೆ "ಆಯ್ತು, ಹಾಕು" ಎಂದಳು.

ಮೂರೆಲೆಯನ್ನು ಎತ್ತಿ ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ನೋಡಿ ಒಂದೇ ಸಮನೆ ಶೇಂಗಾ ತಳ್ಳತೊಡಗಿದಳು. ಬಸಣ್ಣ ಪ್ಯಾಕ್. ನಾನೂ ಪ್ಯಾಕ್. ಸವಿತಾ ಬಿಡಲಿಲ್ಲ, ಕೊನೆಗೆ "ಶೋ" ಎಂದಳು. ಅವಳ ಬಳಿ ಏಳು, ನಾಲ್ಕು, ಎರಡು. ಅತ್ತಿ ತನ್ನ ಎಲೆಗಳನ್ನು ಜಮಖಾನೆಯ ಮೇಲೆ ಬಡಿದು, "ಎರಡು, ಮೂರು, ಐದು! ತಗೀರಿ ಕೈ!" ಎಂದು ಶೇಂಗಾ ರಾಶಿಯನ್ನು ಎರಡೂ ಕೈಯಿಂದ ಬಾಚಿಕೊಂಡಳು.

"ಅತ್ತಿ, ಇದು ಮೂರಲ್ಲರೀ. ಎಂಟು ಅದ" ಎಂದಳು ಸವಿತಾ.

ಎಂಟೇ. ಬಗ್ಗಿ ನೋಡಿದರೆ ನಮಗೆಲ್ಲ ಸ್ಪಷ್ಟವಾಗಿ ಕಾಣುವ ಎಂಟು. ಬಸಣ್ಣ ಹೊಟ್ಟೆ ಹಿಡಿದು ನಕ್ಕ. "ನಮ್ಮವ್ವ ಮೋಸ ಮಾಡ್ಲಕತ್ತಾಳ! ಈ ವಯಸ್ಸಿನ್ಯಾಗ!"

ಅತ್ತಿ ಆ ಎಲೆಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಅವಳ ಹೆಬ್ಬೆರಳು ಎಲೆಯ ಮೇಲೆ ಮೆಲ್ಲಗೆ ಆಡುತ್ತಿತ್ತು, ತೊಗರಿ ಕಾಳನ್ನು ತಿಕ್ಕುವ ಹಾಗೆ. ಮತ್ತೆ ಎಲೆಯನ್ನು ಕೆಳಗಿಟ್ಟು, ಶೇಂಗಾ ರಾಶಿಯನ್ನು ಸವಿತಾಳ ಕಡೆ ನೂಕಿ, "ಹೌದು, ಮೋಸನೇ ಮಾಡೀನಿ. ಹಿಡದ್ರಿ. ಈಗೇನು ಪೊಲೀಸರನ್ನ ಕರೀತೀರೇನು?" ಎಂದಳು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತೂಕ ತನಗೆ ಹೆಚ್ಚು ಬಂದರೆ ಚೀಲ ಇಳಿಸುವ ಹೆಂಗಸು ಒಂದು ಹಿಡಿ ಶೇಂಗಾಕ್ಕೆ ಎಂಟನ್ನು ಮೂರು ಎಂದು ಹೇಳುವವಳಲ್ಲ. ಆಗ ಒಂದೊಂದೇ ನೆನಪಾಯಿತು. ಹಿಂದಿನ ದಿನ ನಾನು ಬಾಗಿಲಲ್ಲಿ ನಿಂತಾಗ "ಯಾರವ್ವಾ?" ಎಂದಿದ್ದಳು, ನಾನು ದನಿ ಮಾಡಿದ ಮೇಲೆ "ಬಾ ಸುಮ್ಮಿ" ಎಂದಳು. ಚಹಾ ಹಾಕುವಾಗ ಬಟ್ಟಲಿನ ಒಳಗೆ ಬೆರಳಿನ ತುದಿ ಇಟ್ಟು ಎಷ್ಟು ತುಂಬಿತೆಂದು ನೋಡಿಕೊಂಡಿದ್ದಳು. ವರ್ಷಗಟ್ಟಲೆ ನಾವು ಗುಂಡಿಗೆ ಎಂದು ಹೊಗಳಿದ್ದು ಗುಂಡಿಗೆಯಲ್ಲ. ಅತ್ತಿಗೆ ಎಲೆ ಕಾಣುತ್ತಿರಲಿಲ್ಲ.

ಸಂಜೆ ಅವಳು ಬಾಳೆತೋಟದ ಕಡೆ ಹೋದಾಗ ನಾನೂ ಹಿಂದೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತು, "ಅತ್ತಿ, ಕಣ್ಣು ಎಷ್ಟು ದಿನದಿಂದ ಹಿಂಗದ?" ಎಂದು ಕೇಳಿದೆ.

"ಯಾರ ಕಣ್ಣು?" ಎಂದಳು. "ಎಂಟನ್ನ ಮೂರು ಅಂತ ಓದಿದ್ದು" ಎಂದೆ. ಅವಳು ದನಿ ತಗ್ಗಿಸಿ, "ಬಸಣ್ಣಗ ಹೇಳಬ್ಯಾಡ" ಎಂದಳು. "ಹೇಳಿದ್ರ ಮನ್ಯಾಗ ಕೂಡಸ್ತಾನ. ಪ್ರೀತೀಲೇನೇ ಕೂಡಸ್ತಾನ, ನನಗ ಗೊತ್ತದ. ಗಂಜಿಗೆ ಬ್ಯಾಡ, ಬಸ್ಸು ಬ್ಯಾಡ, ಒಲಿ ಮುಂದ ಬ್ಯಾಡ. ಆಮ್ಯಾಲ ನಾ ಏನು ಮಾಡ್ಲಿ? ಗ್ವಾಡಿ ನೋಡ್ಕೋತ ಕೂಡ್ಲಾ? ಅದೂ ಕಾಣಂಗಿಲ್ಲ."

ಕೊನೆಯ ಮಾತಿಗೆ ಅವಳೇ ನಕ್ಕಳು. ಬಸ್ಸಿನ ಬೋರ್ಡು ಕಾಣದಿದ್ದರೆ ಹೇಗೆ ಬರುತ್ತೀ ಎಂದು ಕೇಳಿದೆ. "ನಿಂತವರನ್ನ ಕೇಳ್ತೀನಿ. ಓದ್ಲಾಕ ಬರಂಗಿಲ್ಲಪ್ಪಾ ಅಂತೀನಿ" ಎಂದಳು. ಹಳೆಯ ಕಾಲದ ಏಳನೆಯ ತರಗತಿ ಪಾಸಾದವಳು, ಊರಿನ ಹೆಂಗಸರಿಗೆಲ್ಲ ಕಾಗದ ಓದಿ ಹೇಳುತ್ತಿದ್ದವಳು, ಕಣ್ಣಿನ ಗುಟ್ಟು ಉಳಿಸಲು ಬಸ್‌ಸ್ಟ್ಯಾಂಡಿನಲ್ಲಿ ಓದು ಬಾರದವಳಾಗಿದ್ದಳು.

ಇದು ಪೊರೆ ಇರಬಹುದು, ಈಗ ಸಣ್ಣ ಆಪರೇಶನ್ನು, ಕಲಬುರಗಿಗೆ ಬಾ ಎಂದು ನಾನು ಹೇಳಿದ್ದೇ ಹೇಳಿದ್ದು. ಅವಳು ತಲೆ ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು. ಹೆದರಿಕೆ ಎಂದು ಮಾತ್ರ ಒಪ್ಪಲಿಲ್ಲ. ಕೊನೆಗೆ ನನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಎಲೆಯ ಕಟ್ಟು ಅವಳ ಕೈಗೆ ತಾಕಿ, "ನಡಿ, ಒಂದು ಆಟ ಆಡಮು. ನಿನ್ನ ಮುಫ್ಲಿಸೇ. ಇಬ್ಬರೂ ಬ್ಲೈಂಡ್. ನೀ ಗೆದ್ದರ ನಾ ಬರ್ತೀನಿ. ನಾ ಗೆದ್ದರ ನೀ ಬಾಯಿ ಮುಚ್ಕೊಂಡಿರಬೇಕು. ಎಂದೆಂದಿಗೂ" ಎಂದಳು.

ನನ್ನ ಜನ್ಮದಲ್ಲಿ ಕೆಟ್ಟ ಎಲೆಗೆ ಬರವಿರಲಿಲ್ಲ. ಗೆದ್ದೆ ಎಂದೇ ತಿಳಿದು ಒಪ್ಪಿಕೊಂಡೆ. ಕಲ್ಲಿನ ಮೇಲೆ ಅವಳಿಗೆ ಮೂರು, ನನಗೆ ಮೂರು ಹಾಕಿದೆ. ಮೊದಲು ಅವಳವನ್ನು ಬಿಚ್ಚಿದೆ. ಒಂಬತ್ತು, ಆರು, ನಾಲ್ಕು. ಪರವಾಗಿಲ್ಲ, ಇದಕ್ಕಿಂತ ಕೆಟ್ಟದ್ದು ನನಗೆ ಬರುತ್ತದೆ ಎಂದುಕೊಂಡು ನನ್ನವನ್ನು ಬಿಚ್ಚಿದರೆ, ಎಕ್ಕಾ. ಇನ್ನೊಂದು ಎಕ್ಕಾ. ಅವೆರಡರ ಪಕ್ಕದಲ್ಲಿ ಮೀಸೆ ತಿರುವಿಕೊಂಡು ಒಬ್ಬ ರಾಜ. ಖಾಲಾನ ಜೊತೆ ಅಷ್ಟು ವರ್ಷ ಆಡುವಾಗ ಎಲ್ಲಿ ಸತ್ತಿದ್ದವೋ ಈ ಎಕ್ಕಾಗಳು!

ಅತ್ತಿ ಕತ್ತು ಓರೆ ಮಾಡಿ ಕಾಯುತ್ತಿದ್ದಳು. ಅವಳಿಗೆ ಎಲೆ ಕಾಣುವುದಿಲ್ಲ. ನನ್ನ ಮುಖವೂ ಕಾಣುವುದಿಲ್ಲ. ನಾನು "ಗೆದ್ದೆ" ಎಂದರೆ ಗೆದ್ದೆ, ಅಷ್ಟೆ. ಅವಳ ಒಳಿತಿಗೇ ಒಂದು ಸುಳ್ಳು. ಮಾತು ನಾಲಿಗೆಯ ತುದಿಯ ತನಕ ಬಂದಿತ್ತು.

"ನೀ ಗೆದ್ದಿ ಅತ್ತಿ" ಎಂದೆ.

"ನಿನಗ ಏನು ಬಿದ್ದಿದ್ದವು?"

"ಎಕ್ಕಾ ಜೋಡಿ."

ಅವಳು ಎಷ್ಟು ನಕ್ಕಳೆಂದರೆ ಬಾಳೆಗಿಡದಿಂದ ಹಕ್ಕಿಯೊಂದು ಹಾರಿಹೋಯಿತು. ನಕ್ಕು ಸುಧಾರಿಸಿಕೊಂಡು ಕೇಳಿದಳು, "ನೀ ಸುಳ್ಳು ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು. ಸುಳ್ಳು ಹೇಳಿ ಕರ್ಕೊಂಡು ಹೋದ್ರ, ಅಲ್ಲಿ ಡಾಕ್ಟರ್ ಮುಂದ ಕುಂತಾಗ ನೀ ಯಾರ ಮಾತು ನಂಬ್ತಿ?"

ಅವಳು ಕಲ್ಲಿನ ಮೇಲಿನ ಎಲೆಗಳನ್ನು ತಡವಿ ಕೂಡಿಸಿ ನನ್ನ ಕೈಗೆ ಕೊಟ್ಟು, ಎದ್ದು ಮನೆಯೊಳಗೆ ಹೋದಳು. ಮರುದಿನ ನಾನು ಪಂಚಮಿಯ ಉಂಡಿ ಡಬ್ಬಿ ಹೊತ್ತುಕೊಂಡು ಕಲಬುರಗಿಗೆ ಮರಳಿದೆ. ಮಾತು ಕೊಟ್ಟಿದ್ದೆ, ಮನೆಯವರಿಗೂ ಹೇಳಲಿಲ್ಲ. ಆ ದಿನಗಳಲ್ಲಿ ನನ್ನ ಮುಖ ನೋಡಿ ಕೌಂಟರಿನ ಎಷ್ಟು ಜನ ವಾಪಸು ಹೋದರೋ ಗೊತ್ತಿಲ್ಲ. ಸಿಟ್ಟು ನನ್ನ ಮೇಲೋ ಎಕ್ಕಾಗಳ ಮೇಲೋ ತಿಳಿಯದೆ, ಖಾಲಾ ಆಟಕ್ಕೆ ಕರೆದರೂ ಹೋಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಗುರಮ್ಮತ್ತಿ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಕೆಂಪು ಬಾಳೆಯ ಚಿಪ್ಪು. ಒಳಗೆ ಬಂದು, ಗೋಡೆ ಹಿಡಿದು ಕುರ್ಚಿ ಹುಡುಕಿ ಕೂತು, "ಯಾವಾಗ ಹೋಗೋದು ಆಸ್ಪತ್ರಿಗಿ?" ಎಂದಳು.

ನಾನು ಬಾಯಿ ತೆರೆದು ನಿಂತೆ. "ಅತ್ತಿ, ಗೆದ್ದಾಕಿ ನೀನಲ್ಲ?"

"ಅದಕ್ಕೇ ಬಂದೀನಿ. ಸೋತು ಬಂದಿದ್ರ ನೀ ಕರ್ಕೊಂಡು ಹೋದಂಗ. ಗೆದ್ದು ಬಂದ್ರ ನಾನೇ ಹೋದಂಗ. ನೀರು ಕೊಡು ಮೊದಲ."

ಅವಳ ಹೆದರಿಕೆಗೆ ಮದ್ದು ಹಾಕಿದವರು ಖಾಲಾ. ಇಬ್ಬರಿಗೂ ಅದುವರೆಗೆ ಪರಿಚಯವಿರಲಿಲ್ಲ. ಬಂದವರೇ ಅತ್ತಿಯ ಪಕ್ಕದಲ್ಲಿ ಕೂತು, ಅವಳ ಬೆರಳು ಹಿಡಿದು ತಮ್ಮ ರೆಪ್ಪೆಯ ಮೇಲೆ ಇಟ್ಟುಕೊಂಡು, "ನೋಡಮ್ಮಾ, ನಂದು ಎರಡೂ ಕಣ್ಣು ಆಪರೇಶನ್ ಆಗ್ಯಾವ. ಡರ್ ಕಾಯ್ಕು, ಹೆದರಿಕಿ ಯಾಕ? ಸೊಳ್ಳಿ ಕಡದಂಗ ಭೀ ಆಗಂಗಿಲ್ಲ. ಮನಿಗಿ ಬಂದು ಸೂಜಿಗಿ ದಾರ ಹಾಕೀನಿ, ಹೌ!" ಎಂದರು. ಅತ್ತಿ ಅವರ ರೆಪ್ಪೆಯನ್ನು ಮುಟ್ಟಿದಂತೆಯೇ ಕೂತಿದ್ದಳು. ನನ್ನ ಅಷ್ಟೂ ಉಪದೇಶ ಮಾಡದ ಕೆಲಸವನ್ನು ಆ ರೆಪ್ಪೆ ಮಾಡಿತು.

ಒಂದು ಕಣ್ಣಿನದು ಮೊದಲು ಆಯಿತು. ಪಟ್ಟಿ ಬಿಚ್ಚಿದ ದಿನ ಅತ್ತಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ನಾನು ಕಣ್ಣೀರು ಹಾಕಲು ಸಿದ್ಧಳಾಗಿ ನಿಂತಿದ್ದೆ. "ಯವ್ವಾ ಸುಮ್ಮಿ! ಕೂದಲೆಲ್ಲಾ ಯಾವಾಗ ಬೆಳ್ಳಗಾದವು? ದಪ್ಪ ಬ್ಯಾರೆ ಆಗಿದಿ!" ಎಂದಳು. ಕಣ್ಣೀರು ಬಂದ ದಾರಿಯಲ್ಲೇ ವಾಪಸು ಹೋಯಿತು.

ಅಂದೇ ಅವಳು ಬಸಣ್ಣನಿಗೆ ಫೋನು ಮಾಡಿಸಿದಳು. ಗಂಡ ಹೆಂಡತಿ ಗಾಬರಿಯಲ್ಲಿ ಓಡಿ ಬಂದರು. ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ ತಾಯಿಯ ಮುಂದೆ ಬಸಣ್ಣ ನೆಲದ ಮೇಲೆ ಕೂತು, "ನನಗ್ಯಾಕ ಹೇಳಲಿಲ್ಲವ್ವಾ?" ಎಂದ.

"ಹೇಳಿದ್ರ ಗಂಜಿಗೆ ಕಳಸ್ತಿದ್ದೇನು?"

ಬಸಣ್ಣ ಸುಳ್ಳು ಹೇಳುವ ಮನುಷ್ಯನಲ್ಲ, ತಲೆ ತಗ್ಗಿಸಿದ. ಸವಿತಾಳ ಕಣ್ಣು ತುಂಬಿದ್ದವು. "ಅವತ್ತು ಮೋಸ ಮಾಡೀನಿ ಅಂತ ಯಾಕ ಅಂದ್ರಿ ಅತ್ತಿ? ನಾ ಓಣ್ಯಾಗೆಲ್ಲಾ ಹೇಳ್ಕೊಂಡು ನಕ್ಕೀನಲ್ಲರೀ!"

ಅತ್ತಿ ಅವಳ ಕೈ ಹಿಡಿದಳು. "ಮೋಸಗಾರ್ತಿ ಅಂತ ತಿಳದ್ರ ಮುಂದಿನ ಆಟಕ್ಕೂ ಕರೀತಿರಿ. ಕಣ್ಣಿಲ್ಲದಾಕಿ ಅಂತ ತಿಳದ್ರ ಕರಿಯಂಗಿಲ್ಲ."

ನಾನು ಚಹಾ ಮಾಡುವ ನೆವದಲ್ಲಿ ಒಳಗೆ ಹೋದೆ. ಹೊರಗೆ ಬರುವ ಹೊತ್ತಿಗೆ ಬಸಣ್ಣ, "ಈ ಸಲದ ರಾಶಿಗಿ ಗಂಜಿಗೆ ನೀನೇ ಬರಬೇಕವ್ವಾ, ನನ್ನ ಕೂಡ ಅವರು ಸರಿಯಾಗಿ ಮಾತಾಡಂಗಿಲ್ಲ" ಎನ್ನುತ್ತಿದ್ದ.

ಎರಡನೆಯ ಕಣ್ಣಿನದೂ ಆಗುವ ತನಕ ಅವಳು ನಮ್ಮಲ್ಲೇ ಇದ್ದಳು. ಡಾಕ್ಟರು ಪರವಾನಗಿ ಕೊಟ್ಟ ಮೇಲೆ ದಿನಾ ಮಧ್ಯಾಹ್ನ ಅತ್ತಿ, ಖಾಲಾ, ನಾನು ಆಟಕ್ಕೆ ಕೂರುತ್ತಿದ್ದೆವು. ಒಂದು ವಿಚಿತ್ರ ನಡೆಯಿತು. ಎಲೆ ಕಾಣಲು ಶುರುವಾದ ಮೇಲೆ ಹುಲಿ ಸೋಲತೊಡಗಿತು. ಎಲೆ ನೋಡುವಳು, ಎದೆ ಬಡಿದುಕೊಳ್ಳುವಳು, "ಬ್ಯಾಡವ್ವಾ, ಪ್ಯಾಕ್" ಎನ್ನುವಳು. "ಬ್ಲೈಂಡ್ ಆಡರೀ ಅಮ್ಮಾ, ಪೈಲೇ ಜೈಸಾ, ಮೊದಲಿನಂಗ" ಎಂದು ಖಾಲಾ ಎಷ್ಟು ಹೇಳಿದರೂ ಒಪ್ಪಲಿಲ್ಲ. "ಇಷ್ಟು ತ್ರಾಸು ತಗೊಂಡು ಕಣ್ಣು ಮಾಡಿಸ್ಕೊಂಡೀನಿ, ನೋಡದ ಹ್ಯಾಂಗ ಬಿಡ್ಲಿ?" ಎಂದು ರಾಣಿಯ ಮೂಗುತಿಯನ್ನೂ ಗುಲಾಮನ ಟೋಪಿಯನ್ನೂ ತಿರುಗಿಸಿ ತಿರುಗಿಸಿ ನೋಡುತ್ತ, ಸಂತೋಷವಾಗಿ ಸೋಲುತ್ತಿದ್ದಳು.

ದೀಪಾವಳಿಗೆ ಮುಂಚೆ ಅವಳನ್ನು ಊರಿಗೆ ಬಿಡಲು ನಾನೇ ಹೊರಟೆ. ಬಿಡಲು ಎನ್ನಬಾರದು, ಜೊತೆಗೆ ಹೊರಟೆ. ಹುಮನಾಬಾದ್ ಬಸ್ಸಿನ ಬೋರ್ಡನ್ನು ಅತ್ತಿಯೇ ಓದಿ ನನ್ನನ್ನು ಎಳೆದುಕೊಂಡು ಹತ್ತಿದಳು. ಕಿಟಕಿಯ ಸೀಟು ಹಿಡಿದವಳು ಊರು ದಾಟುವ ತನಕ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಿದಳು. ಟಯರ್ ಪಂಕ್ಚರ್, ಫ್ಯಾನ್ಸಿ ಸ್ಟೋರ್, ಹಲ್ಲಿನ ದವಾಖಾನೆ. ಒಬ್ಬ ಎಣ್ಣೆ ಅಂಗಡಿಯವನು ಬೋರ್ಡಿನ ಮೇಲೆ "ಹೆಣ್ಣೆ" ಎಂದು ಬರೆಸಿದ್ದ. "ಹೆಣ್ಣೆ ಅಂತ ಹೆಣ್ಣೆ!" ಎಂದು ಅವಳು ಕೂಗಿದ್ದಕ್ಕೆ ಮುಂದಿನ ಸೀಟಿನವರೆಲ್ಲ ಹೊರಗೆ ಇಣುಕಿದರು. ಹೆಣ್ಣುಮಕ್ಕಳಿಗೆ ಪುಕ್ಕಟೆ ಟಿಕೀಟು ಹರಿಯಲು ಬಂದ ಕಂಡಕ್ಟರು ಆಧಾರ್ ಕಾರ್ಡು ಕೇಳಿದರೆ, ಕೊಡುವ ಮೊದಲು ಅದರಲ್ಲಿನ ತನ್ನ ಫೋಟೊ ನೋಡಿ, "ಇದು ನಾನೇ ಅಲ್ಲ" ಎಂದಳು. ಆ ಮಾತಿನಲ್ಲಿ ಸತ್ಯವಿತ್ತು, ಪುಣ್ಯಕ್ಕೆ ಕಂಡಕ್ಟರು ನಕ್ಕು ಟಿಕೀಟು ಕೊಟ್ಟ.

ಮಹಾಗಾಂವ ದಾಟಿದ ಮೇಲೆ ಅವಳ ಓದು ನಿಂತಿತು. ನಿದ್ದೆ ಬಂತೇನೋ ಎಂದು ನೋಡಿದರೆ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತ ಕೂತಿದ್ದಳು. ರಸ್ತೆಯ ಎರಡೂ ಕಡೆ ತೊಗರಿ ಹೂವು ಬಿಟ್ಟಿತ್ತು, ಕಣ್ಣು ಹೋದಷ್ಟು ದೂರ.

"ಸುಮ್ಮಿ, ತೊಗರಿ ಹೂವು ಇಷ್ಟು ಹಳದಿ ಇರ್ತದೇನು?"

"ಇರ್ತದತ್ತಿ."

"ಪ್ರತಿ ವರ್ಷ?"

"ಪ್ರತಿ ವರ್ಷ" ಎಂದೆ. ನಿಜ ಹೇಳಬೇಕೆಂದರೆ, ಆ ದಾರಿಯಲ್ಲಿ ಇಷ್ಟು ವರ್ಷ ಓಡಾಡಿದ ನನಗೂ ಅದು ಗೊತ್ತಾದದ್ದು ಅವತ್ತೇ.